ಸಿನಿಮಾ ಡಿಸ್ಕ್‌ಗಳನ್ನು ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳುವುದು ಹೇಗೆ?

"ಒಂದು ರಾಶಿ ಡಿವಿಡಿ ಇವೆ, ಹೊಸ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಏನು ಮಾಡಲಿ?" ಒಬ್ಬರಾದ ಮೇಲೆ ಒಬ್ಬರು ಇದನ್ನೇ ಕೇಳುತ್ತಿದ್ದಾರೆ. ಕೆಲವರು ಕೆಲಸ ಶುರು ಮಾಡಿ ನಡುವೆ ಸಿಕ್ಕಿಹಾಕಿಕೊಂಡು ಕೇಳುತ್ತಾರೆ. ಫೈಲ್ ಕಾಪಿ ಆಯ್ತು, ಆದರೆ ಪರದೆ ತುಂಬ ಹಸಿರು ಚೌಕಗಳು. ಸಿನಿಮಾ ಬಂತು, ಸಬ್‌ಟೈಟಲ್ ಬರಲಿಲ್ಲ. 4 ಜಿಬಿ ಮುಟ್ಟಿದ ಕೂಡಲೇ ಎಲ್ಲ ನಿಂತುಹೋಯಿತು. ಇವಕ್ಕೆಲ್ಲ ಒಂದೇ ಕಡೆ ಉತ್ತರ ಇರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಡಿಸ್ಕ್‌ನಲ್ಲಿ ಇರುವುದನ್ನು ಇದ್ದ ಹಾಗೇ ಇಳಿಸಿಕೊಳ್ಳುವುದು ಒಂದು ಕೆಲಸ. ಆ ಫೈಲನ್ನು ಚಿಕ್ಕದು ಮಾಡುವುದು ಇನ್ನೊಂದು ಕೆಲಸ. ಎರಡನ್ನೂ ಒಟ್ಟಿಗೆ ಮುಗಿಸಲು ಹೋಗುವವರೇ ಜಾಸ್ತಿ, ತೊಂದರೆಗೆ ಸಿಲುಕುವವರೂ ಅವರೇ. ಮೊದಲು ಇಳಿಸಿ. ನೋಡಿ. ಚಿಕ್ಕದು ಮಾಡಬೇಕೋ ಬೇಡವೋ ಎನ್ನುವುದನ್ನು ಆಮೇಲೆ ಯೋಚಿಸಿ.

ಬೀಗ ಮತ್ತು ಕಾನೂನು

ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕ್‌ಗಳಲ್ಲಿ ಹೆಚ್ಚಿನವಕ್ಕೆ ಒಂದು ಬೀಗ ಇರುತ್ತದೆ. ಡಿವಿಡಿಯಲ್ಲಿ ಅದರ ಹೆಸರು ಸಿಎಸ್‌ಎಸ್, ಬ್ಲೂ-ರೇಯಲ್ಲಿ ಎಎಸಿಎಸ್. ಡಿಸ್ಕ್‌ನಲ್ಲಿರುವ ಮಾಹಿತಿಯನ್ನು ಕಲಸಿ ಇಟ್ಟಿರುತ್ತಾರೆ. ಅದನ್ನು ಬಿಡಿಸುವ ಕೀಲಿ ಪ್ಲೇಯರ್‌ಗಳ ಬಳಿ ಮಾತ್ರ ಇರುತ್ತದೆ. ಹಾಗಾಗಿಯೇ ಫೋಲ್ಡರನ್ನು ಸುಮ್ನೆ ಎಳೆದು ಹಾರ್ಡ್‌ಡಿಸ್ಕ್‌ಗೆ ಹಾಕಿದರೆ ಒಂದೋ ಕಾಪಿಯೇ ಆಗುವುದಿಲ್ಲ, ಇಲ್ಲವೇ ಕಾಪಿ ಆದರೂ ಚಿತ್ರ ಚೂರುಚೂರಾಗಿ ಕಾಣುತ್ತದೆ. ಆ ಹಸಿರು ಚೌಕಗಳ ಗುಟ್ಟು ಇದೇ.

ಈ ಬೀಗ ತೆಗೆಯಬಹುದೇ ಎನ್ನುವುದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಉತ್ತರ. ಅಮೆರಿಕದಲ್ಲಿ 1998ರ ಕಾಯ್ದೆ ಬೀಗ ಮುರಿಯುವುದನ್ನೇ ತಪ್ಪು ಎನ್ನುತ್ತದೆ, ಡಿಸ್ಕ್ ನೀವು ಕೊಂಡದ್ದೇ ಆದರೂ. ಜರ್ಮನಿಯಲ್ಲಿ ಸ್ವಂತಕ್ಕೆ ಪ್ರತಿ ಮಾಡಿಕೊಳ್ಳಬಹುದು, ಬೀಗ ಮುರಿಯುವಂತಿಲ್ಲ. ಬ್ರಿಟನ್‌ 2014ರಲ್ಲಿ ಸ್ವಂತದ ಪ್ರತಿಗೆ ಅನುಮತಿ ಕೊಟ್ಟಿತು, 2015ರಲ್ಲಿ ಅಲ್ಲಿನ ಹೈಕೋರ್ಟ್ ಅದನ್ನು ರದ್ದು ಮಾಡಿತು. ನೀವಿರುವ ಕಡೆ ಏನಿದೆ ಅಂತ ಮೊದಲು ತಿಳಿದುಕೊಳ್ಳಿ. ನಿಮ್ಮಲ್ಲಿ ಅನುಮತಿ ಇಲ್ಲದಿದ್ದರೆ ಈ ಬರಹವನ್ನು ಬೀಗವಿಲ್ಲದ ಡಿಸ್ಕ್‌ಗಳಿಗೆ ಬಳಸಿಕೊಳ್ಳಿ. ಮದುವೆ, ನಾಮಕರಣ, ಶಾಲೆಯ ವಾರ್ಷಿಕೋತ್ಸವದ ಡಿವಿಡಿಗಳಿಗೆ ಬೀಗ ಇರುವುದಿಲ್ಲ. ನಿಜ ಹೇಳಬೇಕೆಂದರೆ ಮೊದಲು ಇಳಿಸಿಕೊಳ್ಳಬೇಕಾದ್ದು ಅವನ್ನೇ. ಸಿನಿಮಾ ಇನ್ನೊಂದು ಕಡೆ ಸಿಕ್ಕೀತು, ಅವು ಸಿಗುವುದಿಲ್ಲ.

ಬಾಡಿಗೆಗೆ ತಂದದ್ದು, ಗೆಳೆಯರಿಂದ ಎರವಲು ತಂದದ್ದು ಇದರಲ್ಲಿ ಸೇರುವುದಿಲ್ಲ. ಇಳಿಸಿಕೊಂಡ ಮೇಲೆ ಮೂಲ ಡಿಸ್ಕನ್ನು ಮಾರುವುದು, ಫೈಲನ್ನು ಹತ್ತು ಜನಕ್ಕೆ ಹಂಚುವುದು ಕೂಡ ಇಲ್ಲ. ಡಿಸ್ಕ್ ನಿಮ್ಮ ಹತ್ತಿರವೇ ಇರಲಿ.

ಬೇಕಾಗುವ ಸಾಮಾನು

ಡ್ರೈವ್: ಯುಎಸ್‌ಬಿಗೆ ಸಿಕ್ಕಿಸುವ ತೆಳ್ಳನೆಯ ಡಿವಿಡಿ ಡ್ರೈವ್ ಸಾಕು. ಬ್ಲೂ-ರೇ ಇದ್ದರೆ ಬ್ಲೂ-ರೇ ಡ್ರೈವೇ ಬೇಕು. ಡಿವಿಡಿ ಡ್ರೈವ್ 650 ನ್ಯಾನೊಮೀಟರ್‌ನ ಕೆಂಪು ಲೇಸರ್ ಬಳಸುತ್ತದೆ, ಬ್ಲೂ-ರೇಗೆ 405 ನ್ಯಾನೊಮೀಟರ್‌ನ ನೀಲಿ-ನೇರಳೆ ಲೇಸರ್ ಬೇಕು. ಬ್ಲೂ-ರೇ ಡ್ರೈವ್‌ನಲ್ಲಿ ಡಿವಿಡಿಯೂ ಓಡುತ್ತದೆ, ಸಿಡಿಯೂ ಓಡುತ್ತದೆ. 4ಕೆ ಡಿಸ್ಕ್‌ಗಳ ಕತೆ ಬೇರೆ. ಎಲ್ಲ ಬ್ಲೂ-ರೇ ಡ್ರೈವ್‌ಗಳೂ ಅವನ್ನು ಓದುವುದಿಲ್ಲ. ಹೊಸಬರು ಸದ್ಯಕ್ಕೆ ಅದರ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಡ್ರೈವನ್ನು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿ. ನಡುವೆ ಯುಎಸ್‌ಬಿ ಹಬ್ ಇದ್ದರೆ ಕರೆಂಟ್ ಸಾಲದೆ ಡಿಸ್ಕ್ ತಿರುಗಿ ತಿರುಗಿ ನಿಲ್ಲುತ್ತದೆ. ಡಿಸ್ಕ್ ಕೆಟ್ಟಿದೆ ಅಂದುಕೊಳ್ಳುತ್ತೇವೆ, ಕೆಟ್ಟಿರುವುದಿಲ್ಲ.

ಜಾಗ: ಒಂದು ಪದರದ ಡಿವಿಡಿ 4.7 ಜಿಬಿ, ಎರಡು ಪದರದ್ದು 8.5 ಜಿಬಿ. ಬ್ಲೂ-ರೇ ಒಂದು ಪದರಕ್ಕೆ 25, ಎರಡಕ್ಕೆ 50 ಜಿಬಿ. ಡಿವಿಡಿಗೆ ಸರಾಸರಿ 6 ಜಿಬಿ ಅಂತ ಹಿಡಿದರೆ ನೂರು ಡಿವಿಡಿಗೆ 600 ಜಿಬಿ ಆಯ್ತು. 1 ಟಿಬಿಯ ಹಾರ್ಡ್‌ಡಿಸ್ಕ್‌ನಲ್ಲಿ ಆರಾಮಾಗಿ ಕೂರುತ್ತದೆ. ಬ್ಲೂ-ರೇ ಜಾಸ್ತಿ ಇದ್ದರೆ ಲೆಕ್ಕ ಬೇರೆಯೇ ಆಗುತ್ತದೆ.

ತಂತ್ರಾಂಶ: ಮೇಕ್‌ಎಂಕೆವಿ, ಹ್ಯಾಂಡ್‌ಬ್ರೇಕ್, ವಿಎಲ್‌ಸಿ. ಮೂರೂ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತವೆ. ಡಿಸ್ಕ್‌ನಿಂದ ಇಳಿಸುವುದಕ್ಕೆ ಮೇಕ್‌ಎಂಕೆವಿ, ಚಿಕ್ಕದು ಮಾಡುವುದಕ್ಕೆ ಹ್ಯಾಂಡ್‌ಬ್ರೇಕ್, ನೋಡುವುದಕ್ಕೆ ವಿಎಲ್‌ಸಿ. ಮೇಕ್‌ಎಂಕೆವಿಯಲ್ಲಿ ಡಿವಿಡಿಗೆ ದುಡ್ಡು ಕೊಡಬೇಕಿಲ್ಲ, ಬ್ಲೂ-ರೇಗೆ ಪ್ರಯೋಗದ ಅವಧಿ ಮುಗಿದ ಮೇಲೆ ಕೀಲಿ ಕೇಳುತ್ತದೆ. ಮೂರನ್ನೂ ಅವುಗಳ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಮೇಲೆ ಕಾಣುವ ಜಾಹೀರಾತುಗಳಲ್ಲಿ ಇದೇ ಹೆಸರನ್ನು ಹೋಲುವ ನಕಲಿಗಳೂ ಇರುತ್ತವೆ, ಜೋಪಾನ.

ಹಂತ 1: ಯಾವ ಡಿಸ್ಕ್ ಅಂತ ನೋಡಿ

ಡಿಸ್ಕ್ ಹಾಕಿ, ಫೈಲ್ ಮ್ಯಾನೇಜರ್‌ನಲ್ಲಿ ತೆರೆದು ನೋಡಿ. ಒಳಗಿನ ಫೋಲ್ಡರ್‌ಗಳ ಹೆಸರೇ ಹೇಳಿಬಿಡುತ್ತದೆ.

"ವಿಡಿಯೊ ಟಿಎಸ್" ಎಂಬ ಫೋಲ್ಡರ್ ಇದ್ದರೆ ಅದು ಡಿವಿಡಿ. ಅದರೊಳಗೆ ವಿಒಬಿ ಎಂದು ಕೊನೆಯಾಗುವ ಫೈಲ್‌ಗಳಲ್ಲಿ ಚಿತ್ರ ಮತ್ತು ಧ್ವನಿ ಇರುತ್ತದೆ. ಒಂದೊಂದು ಫೈಲೂ ಹೆಚ್ಚೆಂದರೆ 1 ಜಿಬಿ, ಹಾಗಾಗಿ ಸಿನಿಮಾ ನಾಲ್ಕೈದು ತುಂಡಾಗಿ ಕಾಣುತ್ತದೆ. ಐಎಫ್‌ಒ ಫೈಲ್‌ಗಳು ಯಾವ ತುಂಡು ಎಲ್ಲಿ ಬರಬೇಕು ಎಂದು ಹೇಳುವ ಪಟ್ಟಿ. "ಬಿಡಿಎಂವಿ" ಇದ್ದರೆ ಬ್ಲೂ-ರೇ. "ಎಂಪೆಗ್ ಎವಿ" ಇದ್ದರೆ ಹಳೆಯ ವಿಸಿಡಿ.

ವಿಸಿಡಿಯ ಕೆಲಸ ಸುಲಭ. ಆ ಫೋಲ್ಡರ್‌ನಲ್ಲಿರುವ ಡಿಎಟಿ ಫೈಲನ್ನು ಎಳೆದು ಹಾರ್ಡ್‌ಡಿಸ್ಕ್‌ಗೆ ಹಾಕಿ, ವಿಎಲ್‌ಸಿಯಲ್ಲಿ ತೆರೆಯಿರಿ. ಸಾಮಾನ್ಯವಾಗಿ ಅಷ್ಟೇ ಸಾಕು. ಒಂದು ವಿಸಿಡಿಯಲ್ಲಿ ಹಿಡಿಯುವುದು ಸುಮಾರು 74ರಿಂದ 80 ನಿಮಿಷ. ಹಾಗಾಗಿ ಸಿನಿಮಾ ಎರಡು ಮೂರು ಡಿಸ್ಕ್‌ನಲ್ಲಿ ಇರುತ್ತದೆ, ಎಲ್ಲವನ್ನೂ ಇಳಿಸಿ 1, 2, 3 ಅಂತ ಹೆಸರಿಟ್ಟುಕೊಳ್ಳಿ. ಚಿತ್ರ ಮಸುಕಾಗಿ ಕಂಡರೆ ಅದು ಕಾಪಿಯ ತಪ್ಪಲ್ಲ. ವಿಸಿಡಿ ಇದ್ದದ್ದೇ ಹಾಗೆ, ಅಗಲಕ್ಕೆ 352 ಚುಕ್ಕೆ ಅಷ್ಟೇ.

ಕ್ಯಾಮೆರಾದವರು ಬರೆದುಕೊಟ್ಟ ಡಿವಿಡಿ ಖಾಲಿ ಡಿಸ್ಕ್ ಎಂದು ತೋರಿಸಿದರೆ ತಕ್ಷಣ ಎಸೆಯಬೇಡಿ. ರೆಕಾರ್ಡ್ ಮಾಡಿದ ಮೇಲೆ "ಫೈನಲೈಸ್" ಮಾಡದೇ ಬಿಟ್ಟಿರಬಹುದು. ಇನ್ನು ಬರೆಯುವುದು ಮುಗಿಯಿತು ಎಂದು ಡಿಸ್ಕ್‌ಗೆ ಮುದ್ರೆ ಒತ್ತುವ ಕೆಲಸ ಅದು. ಬರೆದ ಯಂತ್ರ ಇನ್ನೂ ಇದ್ದರೆ ಅದರಲ್ಲೇ ಹಾಕಿ ಮುಗಿಸಬಹುದು. ಹಾಗೆಯೇ, 8 ಸೆಂಟಿಮೀಟರ್‌ನ ಪುಟ್ಟ ಡಿಸ್ಕ್‌ಗಳನ್ನು ಸೀಳಿನೊಳಗೆ ನೂಕುವಂಥ ಡ್ರೈವ್‌ಗೆ ಹಾಕಲೇಬೇಡಿ. ಒಳಗೆ ಸಿಕ್ಕಿಕೊಂಡರೆ ಡ್ರೈವ್ ಬಿಚ್ಚಬೇಕಾಗುತ್ತದೆ. ಟ್ರೇ ಹೊರಗೆ ಬರುವ ಡ್ರೈವ್ ಆದರೆ ತೊಂದರೆ ಇಲ್ಲ, ನಡುವಿನ ಚಿಕ್ಕ ವೃತ್ತದಲ್ಲಿ ಸರಿಯಾಗಿ ಕೂರುತ್ತದೆ.

ಹಂತ 2: ಒರೆಸಿ

ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆ ತೆಗೆದುಕೊಳ್ಳಿ. ಡಿಸ್ಕನ್ನು ಅಂಚಿನಲ್ಲಿ ಹಿಡಿದು ನಡುವಿನ ತೂತಿನಿಂದ ಹೊರಗಿನ ಅಂಚಿಗೆ ನೇರವಾಗಿ ಎಳೆಯಿರಿ. ಸುತ್ತ ಸುತ್ತ ಉಜ್ಜಬೇಡಿ. ಮಾಹಿತಿ ಸುತ್ತಿನ ಗೆರೆಯಲ್ಲೇ ಇರುತ್ತದೆ. ಅದೇ ಗೆರೆಯುದ್ದಕ್ಕೂ ಒಂದು ಗೀರು ಬಿದ್ದರೆ ಡ್ರೈವ್‌ಗೆ ಉದ್ದಕ್ಕೂ ಏನೂ ಸಿಗುವುದಿಲ್ಲ. ಅಡ್ಡ ಗೀರಾದರೆ ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಹೋಗುತ್ತದೆ, ಅದನ್ನು ತಿದ್ದಿಕೊಳ್ಳುವ ವ್ಯವಸ್ಥೆ ಡಿಸ್ಕ್‌ನಲ್ಲೇ ಇದೆ. ಜಿಡ್ಡು ಇದ್ದರೆ ಬಟ್ಟೆಗೆ ನೀರು ಹಚ್ಚಿ ಒರೆಸಿ, ಪೂರ್ತಿ ಒಣಗಿಸಿ.

ಟೂತ್‌ಪೇಸ್ಟ್ ಹಚ್ಚಿ ಗೀರು ಉಜ್ಜುವ ಉಪಾಯ ಎಲ್ಲ ಕಡೆ ಓಡಾಡುತ್ತಿದೆ. ಡಿವಿಡಿಯಲ್ಲಿ ಮಾಹಿತಿಯ ಪದರ 0.6 ಮಿಲಿಮೀಟರ್ ಒಳಗೆ ಇರುವುದರಿಂದ ಉಜ್ಜಿದರೂ ಒಮ್ಮೊಮ್ಮೆ ಬಚಾವಾಗುತ್ತದೆ. ಬ್ಲೂ-ರೇಯಲ್ಲಿ ಆ ಪದರ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಆಳದಲ್ಲಿದೆ. ಅದಕ್ಕೇ ಮೇಲೆ ಗಟ್ಟಿ ಲೇಪ ಕೊಟ್ಟಿರುತ್ತಾರೆ. ಆ ಲೇಪವನ್ನು ನೀವೇ ಉಜ್ಜಿ ತೆಗೆದರೆ ಕತೆ ಮುಗಿಯಿತು.

ಸಿಡಿ, ವಿಸಿಡಿಗಳಲ್ಲಿ ಹೆಸರು ಅಚ್ಚಾಗಿರುವ ಕಡೆಯೇ ನಾಜೂಕು. ಮಾಹಿತಿ ಆ ಬಣ್ಣದ ಕೆಳಗೇ ಇರುತ್ತದೆ. ಬಲ್ಬಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡರೆ ಅಲ್ಲಿ ಪದರ ಹೋಗಿದೆ ಅಂತ ಅರ್ಥ, ಒರೆಸಿ ಪ್ರಯೋಜನವಿಲ್ಲ. ಮೇಲೆ ಅಂಟಿಸಿದ ಕಾಗದದ ಚೀಟಿ ಇದ್ದರೆ ಅದನ್ನೂ ಕೀಳಬೇಡಿ, ಪದರ ಜೊತೆಗೇ ಎದ್ದು ಬರುತ್ತದೆ.

ಹಂತ 3: ಇಳಿಸುವ ಜಾಗ ಸಿದ್ಧ ಮಾಡಿ

4 ಜಿಬಿಗೆ ನಿಂತುಹೋಗುವ ಸಮಸ್ಯೆ ಇಲ್ಲಿಯದು. ಪೆನ್‌ಡ್ರೈವ್, ಹಳೆಯ ಹಾರ್ಡ್‌ಡಿಸ್ಕ್‌ಗಳು ಫ್ಯಾಟ್32 ಎಂಬ ವ್ಯವಸ್ಥೆಯಲ್ಲಿ ಇರುತ್ತವೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಇಡಲು ಆಗುವುದಿಲ್ಲ. ಡ್ರೈವ್‌ನಲ್ಲಿ 500 ಜಿಬಿ ಖಾಲಿ ಇದ್ದರೂ ಅಷ್ಟೇ, ಫೈಲ್ ತೀರಾ ದೊಡ್ಡದು ಎನ್ನುತ್ತದೆ.

ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ನೋಡಿ. ಫ್ಯಾಟ್32 ಅಂತ ಇದ್ದರೆ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಮಾಡಿದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮೊದಲು ಬೇರೆ ಕಡೆ ಎತ್ತಿಡಿ. ಇಳಿಸುವಾಗ ಮಾತ್ರ ಕಂಪ್ಯೂಟರಿನ ಒಳಗಿನ ಡಿಸ್ಕ್‌ಗೇ ಇಳಿಸಿ, ಆಮೇಲೆ ಹೊರಗಿನದಕ್ಕೆ ಸಾಗಿಸಿ. ವೇಗವೂ ಸಿಗುತ್ತದೆ, ನಡುವೆ ಕೇಬಲ್ ಅಲ್ಲಾಡಿ ಕೆಡುವ ಭಯವೂ ಇಲ್ಲ.

ಹಂತ 4: ಇಳಿಸಿ

ಮೇಕ್‌ಎಂಕೆವಿ ತೆರೆಯಿರಿ. ಡಿಸ್ಕ್ ಹಾಕಿದ ಸ್ವಲ್ಪ ಹೊತ್ತಿಗೆ ದೊಡ್ಡ ಡ್ರೈವ್ ಚಿತ್ರ ಕಾಣಿಸುತ್ತದೆ, ಅದನ್ನು ಒತ್ತಿ. ಒಂದೆರಡು ನಿಮಿಷ ಡಿಸ್ಕ್ ಓದಿ ಎಡಗಡೆ ಒಂದು ಪಟ್ಟಿ ಕೊಡುತ್ತದೆ. ಹೊಸಬರು ತಬ್ಬಿಬ್ಬಾಗುವುದು ಈ ಪಟ್ಟಿ ನೋಡಿಯೇ, ಹಾಗಾಗಿ ನಿಧಾನವಾಗಿ ನೋಡೋಣ.

ಪಟ್ಟಿಯ ಒಂದೊಂದು ಸಾಲು ಒಂದೊಂದು "ಟೈಟಲ್". ಎಂದರೆ ಡಿಸ್ಕ್‌ನಲ್ಲಿರುವ ಒಂದೊಂದು ಪ್ರತ್ಯೇಕ ವಿಡಿಯೊ. ಸಿನಿಮಾ, ಟ್ರೇಲರ್, ಹಾಡುಗಳು, ಸಂದರ್ಶನ ಎಲ್ಲ ಬೇರೆ ಬೇರೆ ಟೈಟಲ್. ಸಾಲಿನಲ್ಲಿ ಎಷ್ಟು ಅಧ್ಯಾಯ, ಎಷ್ಟು ಜಿಬಿ ಎಂದು ಬರೆದಿರುತ್ತದೆ. ಉಳಿದವು ಒಂದು ಜಿಬಿಯೂ ಇರದೆ ಒಂದೇ ಒಂದು 5 ಅಥವಾ 6 ಜಿಬಿ ಇದ್ದರೆ ಅದೇ ಸಿನಿಮಾ. ಅದೊಂದಕ್ಕೆ ಟಿಕ್ ಇಟ್ಟು ಉಳಿದವನ್ನು ತೆಗೆಯಿರಿ.

ಸಾಲಿನ ಮೇಲೆ ಒತ್ತಿದರೆ ಬಲಗಡೆ ಅವಧಿ ಕಾಣುತ್ತದೆ. ಪೆಟ್ಟಿಗೆಯ ಮೇಲೆ ಬರೆದ ಅವಧಿಯ ಜೊತೆ ಹೋಲಿಸಿ. ಪೆಟ್ಟಿಗೆಯಲ್ಲಿ 150 ನಿಮಿಷ, ಇಲ್ಲಿ 144 ಅಂತ ಇದ್ದರೆ ಗಾಬರಿ ಬೇಡ, ದೃಶ್ಯ ಕತ್ತರಿಸಿಲ್ಲ. ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರದಂತೆ, ಪಾಲ್ (ಭಾರತ, ಯುರೋಪಿನ ಹಳೆಯ ಟಿವಿ ಪದ್ಧತಿ) ಡಿವಿಡಿ ಓಡುವುದು 25ರಂತೆ. ಅದಕ್ಕೇ ನೂರಕ್ಕೆ ನಾಲ್ಕರಷ್ಟು ಬೇಗ ಮುಗಿಯುತ್ತದೆ.

ಒಂದೇ ಅಳತೆಯ ಟೈಟಲ್‌ಗಳು ಹಲವು ಕಂಡರೆ? ಧಾರಾವಾಹಿಯ ಡಿಸ್ಕ್ ಆದರೆ ಅವು ಕಂತುಗಳು. ಜೊತೆಗೆ ಎಲ್ಲ ಕಂತೂ ಸೇರಿದ ಒಂದು ದೊಡ್ಡ ಟೈಟಲ್ ಬೇರೆ ಇರಬಹುದು, ಅದು ಬೇಡ. ಬ್ಲೂ-ರೇಯಲ್ಲಿ ಹೆಸರುಗಳ ಭಾಷೆ ಬದಲಾದ ಮಾತ್ರಕ್ಕೇ ಅದೇ ಸಿನಿಮಾ ಎರಡು ಮೂರು ಸಲ ಇರುತ್ತದೆ. ಡಿವಿಡಿಯಲ್ಲಿ ಯಾವುದು ಸರಿ ಅಂತ ತಿಳಿಯದಿದ್ದರೆ ಡಿಸ್ಕನ್ನು ವಿಎಲ್‌ಸಿಯಲ್ಲಿ ಹಾಕಿ ಮೆನುವಿನಿಂದ ಸಿನಿಮಾ ಶುರು ಮಾಡಿ. ಪ್ಲೇಬ್ಯಾಕ್ ಮೆನುವಿನ "ಟೈಟಲ್" ಪಟ್ಟಿಯಲ್ಲಿ ಯಾವ ಸಂಖ್ಯೆಗೆ ಗುರುತು ಬಿದ್ದಿದೆ ನೋಡಿ.

ಇದಕ್ಕೆ ಉಲ್ಟಾ ತೊಂದರೆಯೂ ಇದೆ. ಮನೆಯ ಡಿವಿಡಿಯಲ್ಲಿ ಚಿಕ್ಕ ಚಿಕ್ಕ ತುಣುಕುಗಳು ಇರುತ್ತವೆ, ಪಟ್ಟಿಯಲ್ಲಿ ಅರ್ಧ ಕಾಣುವುದೇ ಇಲ್ಲ. 120 ಸೆಕೆಂಡಿಗಿಂತ ಚಿಕ್ಕದನ್ನು ಬಿಟ್ಟುಬಿಡು ಎಂದು ಸೆಟಿಂಗ್ ಇರುವುದೇ ಕಾರಣ. ಪ್ರಿಫರೆನ್ಸಸ್‌ನಲ್ಲಿ ವಿಡಿಯೊ ವಿಭಾಗಕ್ಕೆ ಹೋಗಿ ಅದನ್ನು ಕಮ್ಮಿ ಮಾಡಿ, ಡಿಸ್ಕನ್ನು ಇನ್ನೊಮ್ಮೆ ಓದಿಸಿ. ಮಗು ಮೊದಲ ಹೆಜ್ಜೆ ಇಟ್ಟದ್ದು ಒಂದೂವರೆ ನಿಮಿಷದ ತುಣುಕಾಗಿದ್ದರೆ ಅದು ಈ ಸೆಟಿಂಗ್‌ನಿಂದಲೇ ತಪ್ಪಿಹೋಗುತ್ತದೆ.

ಟೈಟಲ್ ಪಕ್ಕದ ಬಾಣ ಒತ್ತಿದರೆ ಒಳಗಿನ ಟ್ರ್ಯಾಕ್‌ಗಳು ತೆರೆದುಕೊಳ್ಳುತ್ತವೆ. ಒಂದು ಚಿತ್ರ, ಒಂದೋ ಎರಡೋ ಮೂರೋ ಧ್ವನಿ, ಕೆಳಗೆ ಸಬ್‌ಟೈಟಲ್‌ಗಳು. ಬೇಕಾದ ಭಾಷೆಗಳಿಗೆಲ್ಲ ಟಿಕ್ ಇದೆಯೇ ನೋಡಿ. ಅನುಮಾನ ಇದ್ದರೆ ಎಲ್ಲವನ್ನೂ ಇಟ್ಟುಕೊಳ್ಳಿ. ಸಬ್‌ಟೈಟಲ್ ತಿನ್ನುವ ಜಾಗ ತೀರಾ ಕಮ್ಮಿ. "ಫೋರ್ಸ್ಡ್" ಎಂದು ಬರೆದ ಸಬ್‌ಟೈಟಲ್ ಇದ್ದರೆ ಅದನ್ನು ಬಿಡಬೇಡಿ. ಸಿನಿಮಾದಲ್ಲಿ ಯಾರೋ ಬೇರೆ ಭಾಷೆ ಮಾತಾಡುವಾಗ ಮಾತ್ರ ಬರುವ ಸಾಲುಗಳು ಅವು. ಅವಿಲ್ಲದೆ ಆ ದೃಶ್ಯ ಅರ್ಥವಾಗುವುದಿಲ್ಲ.

ಬಲಗಡೆ ಮೇಲೆ ಯಾವ ಫೋಲ್ಡರ್‌ಗೆ ಎಂದು ಆರಿಸಿ, ಪಕ್ಕದ ಬಟನ್ ಒತ್ತಿ. ಡಿವಿಡಿಗೆ 15ರಿಂದ 30 ನಿಮಿಷ ಹಿಡಿಯುತ್ತದೆ, ಬ್ಲೂ-ರೇಗೆ ಜಾಸ್ತಿ. ಲ್ಯಾಪ್‌ಟಾಪ್ ಅಷ್ಟರಲ್ಲಿ ನಿದ್ದೆಗೆ ಹೋಗದಂತೆ ನೋಡಿಕೊಳ್ಳಿ.

ಸಿಗುವುದು ಒಂದು ಎಂಕೆವಿ ಫೈಲ್. ಎಂಕೆವಿ ಎಂದರೆ ಒಂದು ಡಬ್ಬಿ ಇದ್ದ ಹಾಗೆ. ಚಿತ್ರ, ಧ್ವನಿ, ಸಬ್‌ಟೈಟಲ್ ಎಲ್ಲ ಡಿಸ್ಕ್‌ನಲ್ಲಿ ಹೇಗಿದ್ದವೋ ಹಾಗೇ ಇದರೊಳಗೆ ಬಂದು ಕೂತಿರುತ್ತವೆ, ಗುಣಮಟ್ಟ ಒಂದು ಚೂರೂ ಇಳಿದಿರುವುದಿಲ್ಲ. ಬಾರದಿರುವುದು ಡಿಸ್ಕ್‌ನ ಮೆನು ಒಂದೇ. ಮೆನುವೂ ಬೇಕು ಎನ್ನುವವರು ಇಡೀ ಡಿಸ್ಕನ್ನು ಐಎಸ್‌ಒ ಫೈಲ್ ಮಾಡಿಕೊಳ್ಳಬೇಕು. ಡಿಸ್ಕ್‌ನ ಅಚ್ಚು ತೆಗೆದಂಥ ಒಂದೇ ಫೈಲ್ ಅದು. ಬೀಗವಿಲ್ಲದ ಡಿಸ್ಕ್‌ಗಾದರೆ ವಿಂಡೋಸ್‌ನಲ್ಲಿ ಇಮ್ಗ್‌ಬರ್ನ್ ಈ ಕೆಲಸ ಮಾಡುತ್ತದೆ, ಮ್ಯಾಕ್‌ನಲ್ಲಿ ಡಿಸ್ಕ್ ಯುಟಿಲಿಟಿಯಿಂದ ಇಂಥದೇ ಅಚ್ಚು ತೆಗೆಯಬಹುದು. ಮದುವೆ ಡಿವಿಡಿಗಳಿಗೆ ನಾನು ಇದನ್ನೇ ಹೇಳುತ್ತೇನೆ. ಆ ಹೂವಿನ ಚೌಕಟ್ಟಿನ ಮೆನು ಕೂಡ ನೆನಪೇ ಅಲ್ವಾ.

ಹಂತ 5: ಡಿಸ್ಕ್ ಓದದೇ ಹೋದರೆ

ಓದುವಾಗ ಡ್ರೈವ್ ಕರ್‌ರ್ ಕರ್‌ರ್ ಎನ್ನುತ್ತಾ ಒಂದೇ ಕಡೆ ನಿಂತರೆ ಗೀರು ಅಲ್ಲೇ ಇದೆ ಎಂದರ್ಥ. ಡಿಸ್ಕ್ ಒಳಗಿನಿಂದ ಹೊರಕ್ಕೆ ಓದಿಸಿಕೊಳ್ಳುತ್ತದೆ. ಶುರುವಿನಲ್ಲೇ ನಿಂತರೆ ತೂತಿನ ಹತ್ತಿರ ನೋಡಿ, ಆಮೇಲೆ ನಿಂತರೆ ಅಂಚಿನ ಕಡೆ. ಎರಡು ಪದರದ ಡಿವಿಡಿ ಮಾತ್ರ ನಡುವೆ ಪದರ ಬದಲಿಸಿ ಸಾಮಾನ್ಯವಾಗಿ ಹೊರಗಿನಿಂದ ಒಳಕ್ಕೆ ವಾಪಸ್ ಬರುತ್ತದೆ. ಅಲ್ಲಷ್ಟೇ ಒರೆಸಿ ಮತ್ತೆ ಹಾಕಿ.

ಆಗಲಿಲ್ಲವೇ? ಬೇರೆ ಡ್ರೈವ್‌ನಲ್ಲಿ ಹಾಕಿ. ಒಂದು ಡ್ರೈವ್ ಕೈಬಿಟ್ಟದ್ದನ್ನು ಇನ್ನೊಂದು ಸಲೀಸಾಗಿ ಓದುವುದು ಮಾಮೂಲು. ಅಕ್ಕಪಕ್ಕದಲ್ಲಿ ಯಾರದ್ದಾದರೂ ಹಳೆಯ ಕಂಪ್ಯೂಟರ್ ಇದ್ದರೆ ಅದನ್ನೂ ಒಮ್ಮೆ ಬಳಸಿ ನೋಡಿ.

ಮನೆಯ ಡಿಸ್ಕ್ ಆಗಿದ್ದು ಏನು ಮಾಡಿದರೂ ಬರದಿದ್ದರೆ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಇದೆ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಆದೇಶ ಟೈಪ್ ಮಾಡಿ ನಡೆಸಬೇಕು, ಅಷ್ಟು ಕಷ್ಟ ಇದೆ. ಆದರೆ ಅದರ ಬುದ್ಧಿವಂತಿಕೆ ದೊಡ್ಡದು. ಮೊದಲು ಚೆನ್ನಾಗಿರುವ ಭಾಗವನ್ನೆಲ್ಲ ಬಾಚಿಕೊಳ್ಳುತ್ತದೆ, ಕೆಟ್ಟ ಕಡೆ ನಿಲ್ಲದೆ ಹಾರಿ ಹೋಗುತ್ತದೆ, ಕೊನೆಗೆ ವಾಪಸ್ ಬಂದು ಕೆಟ್ಟದ್ದನ್ನು ಮತ್ತೆ ಮತ್ತೆ ಕೆದಕುತ್ತದೆ. ಎಲ್ಲಿ ಏನು ಸಿಕ್ಕಿತು ಎಂದು ಒಂದು ನಕ್ಷೆ ಫೈಲ್ ಬರೆದಿಟ್ಟುಕೊಳ್ಳುತ್ತದೆ. ಹಾಗಾಗಿ ಇವತ್ತು ನಿಲ್ಲಿಸಿ ನಾಳೆ ಬೇರೆ ಡ್ರೈವ್‌ನಲ್ಲಿ ಮುಂದುವರಿಸಬಹುದು. ಉಳಿದದ್ದನ್ನು ಮಾತ್ರ ಹುಡುಕುತ್ತದೆ.

ಹಂತ 6: ನೋಡಿ

ಕೆಲಸ ಮುಗಿಯಿತು ಎಂಬ ಸಂದೇಶ ನಂಬಿ ಡಿಸ್ಕನ್ನು ಅಟ್ಟಕ್ಕೆ ಏರಿಸಬೇಡಿ. ಫೈಲನ್ನು ವಿಎಲ್‌ಸಿಯಲ್ಲಿ ತೆರೆದು ಶುರು, ನಡು, ಕೊನೆ ಮೂರು ಕಡೆ ಒಂದೊಂದು ನಿಮಿಷ ನೋಡಿ. ನಡುವಿನ ಭಾಗ ಮುಖ್ಯ. ಎರಡು ಪದರದ ಡಿವಿಡಿಯಲ್ಲಿ ಲೇಸರ್ ಒಂದು ಪದರದಿಂದ ಇನ್ನೊಂದಕ್ಕೆ ಹಾರುವುದು ಅಲ್ಲೇ ಎಲ್ಲೋ. ಕೊನೆಯಲ್ಲಿ ತುಟಿಗೂ ಮಾತಿಗೂ ತಾಳೆ ಇದೆಯೇ ಗಮನಿಸಿ. ಧ್ವನಿ ಹಿಂದೆ ಬೀಳುತ್ತಾ ಬಂದಿದ್ದರೆ ಅದು ಶುರುವಿನಲ್ಲಿ ಗೊತ್ತಾಗುವುದಿಲ್ಲ. ಸಬ್‌ಟೈಟಲ್ ಮತ್ತು ಎರಡನೇ ಧ್ವನಿಯನ್ನೂ ಬದಲಿಸಿ ನೋಡಿ.

ಹಂತ 7: ಚಿಕ್ಕದು ಮಾಡಬೇಕೇ?

ಡಿವಿಡಿಯಾದರೆ ಬೇಡ ಎನ್ನುವುದು ನನ್ನ ಸಲಹೆ. 6 ಜಿಬಿಯನ್ನು ಒಂದೂವರೆ ಜಿಬಿ ಮಾಡಬಹುದು, ಆದರೆ ಉಳಿಯುವ ಜಾಗಕ್ಕಿಂತ ಕೂತು ಮಾಡುವ ಹೊತ್ತೇ ಜಾಸ್ತಿ. ಬ್ಲೂ-ರೇಗೆ ಅರ್ಥವಿದೆ. ಒಂದೊಂದೂ 20ರಿಂದ 40 ಜಿಬಿ ಇರುವಾಗ ಡ್ರೈವ್ ಬೇಗ ತುಂಬುತ್ತದೆ. ಫೋನಿನಲ್ಲಿ ನೋಡಬೇಕು ಎಂದಾದರೂ ಮಾಡಬೇಕಾಗುತ್ತದೆ.

ಹ್ಯಾಂಡ್‌ಬ್ರೇಕ್‌ಗೆ ಡಿಸ್ಕನ್ನು ಕೊಡಬೇಡಿ, ಆಗಲೇ ಇಳಿಸಿದ ಎಂಕೆವಿ ಫೈಲನ್ನು ಕೊಡಿ. ಹ್ಯಾಂಡ್‌ಬ್ರೇಕ್ ಬೀಗ ತೆಗೆಯುವುದಿಲ್ಲ. ಪ್ರೀಸೆಟ್‌ಗಳಲ್ಲಿ, ಎಂದರೆ ಮೊದಲೇ ಹೊಂದಿಸಿಟ್ಟ ಸೆಟಿಂಗ್‌ಗಳಲ್ಲಿ, ಮೂಲದ ಅಳತೆಗೆ ಸರಿಹೊಂದುವುದನ್ನು ಆರಿಸಿ. ಪಾಲ್ ಡಿವಿಡಿಗೆ 576, ಎನ್‌ಟಿಎಸ್‌ಸಿಗೆ (ಅಮೆರಿಕದ ಹಳೆಯ ಟಿವಿ ಪದ್ಧತಿ) 480, ಬ್ಲೂ-ರೇಗೆ 1080. ಡಿವಿಡಿಗೆ 1080 ಆರಿಸಿದರೆ ಚಿತ್ರವೇನೂ ಚೆನ್ನಾಗುವುದಿಲ್ಲ, ಫೈಲ್ ಮಾತ್ರ ಉಬ್ಬುತ್ತದೆ.

ಆಮೇಲೆ ಗಮನ ಕೊಡಬೇಕಾದ್ದು ನಾಲ್ಕು ಕಡೆ.

ಗುಣಮಟ್ಟ: ವಿಡಿಯೊ ಪುಟದಲ್ಲಿ ಆರ್‌ಎಫ್ ಎಂಬ ಜಾರುಪಟ್ಟಿ ಇದೆ. ಸಂಖ್ಯೆ ಇಳಿದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಡಿವಿಡಿಗೆ 18ರಿಂದ 22, ಬ್ಲೂ-ರೇಗೆ 20ರಿಂದ 24ರ ನಡುವೆ ಇಡಿ. ಪೂರ್ತಿ ಬಲಕ್ಕೆ ಎಳೆದು 0 ಮಾಡುವವರಿದ್ದಾರೆ. ಮೂಲಕ್ಕಿಂತ ದೊಡ್ಡ ಫೈಲ್ ಬರುತ್ತದೆ, ಲಾಭ ಸೊನ್ನೆ.

ಗೆರೆಗಳು: ಹಳೆಯ ಡಿವಿಡಿಯನ್ನು ಕಂಪ್ಯೂಟರಿನಲ್ಲಿ ನೋಡುವಾಗ ನೃತ್ಯದಲ್ಲಿ ಬೀಸುವ ಕೈಯ ಅಂಚನ್ನು ದಿಟ್ಟಿಸಿ. ಬಾಚಣಿಗೆ ಹಲ್ಲಿನ ಥರ ಅಡ್ಡಗೆರೆಗಳು ಕಂಡರೆ ಅದು "ಇಂಟರ್‌ಲೇಸ್ಡ್". ಹಳೆಯ ಟಿವಿಗಳು ಮೊದಲು ಬೆಸ ಗೆರೆ, ಆಮೇಲೆ ಸಮ ಗೆರೆ ತೋರಿಸುತ್ತಿದ್ದವು. ಎರಡರ ನಡುವೆ ಕೈ ಸರಿದಿರುತ್ತದೆ, ಅದಕ್ಕೇ ಹಲ್ಲು. ಫಿಲ್ಟರ್ಸ್ ಪುಟದಲ್ಲಿ "ಡಿಕಾಂಬ್" ಆರಿಸಿದರೆ ಹಲ್ಲು ಇರುವ ಚಿತ್ರಗಳನ್ನು ಮಾತ್ರ ಹುಡುಕಿ ಸರಿಮಾಡುತ್ತದೆ. ಇದನ್ನು ಮರೆತು ಚಿಕ್ಕದು ಮಾಡಿದರೆ ಆ ಹಲ್ಲುಗಳು ಚಿತ್ರದಲ್ಲೇ ಅಚ್ಚಾಗಿಬಿಡುತ್ತವೆ, ಆಮೇಲೆ ತೆಗೆಯುವುದು ಕಷ್ಟ.

ಸಬ್‌ಟೈಟಲ್: ಡಿಸ್ಕ್‌ಗಳ ಸಬ್‌ಟೈಟಲ್ ಅಕ್ಷರವಲ್ಲ, ಅಕ್ಷರಗಳ ಚಿತ್ರ. ಎಂಪಿ4 ಫೈಲ್‌ಗೆ ಸಾಮಾನ್ಯವಾಗಿ ಇದರ ಜೊತೆ ಸರಿಹೋಗುವುದಿಲ್ಲ. ಎಂಕೆವಿಯನ್ನೇ ಆರಿಸಿ. "ಬರ್ನ್ ಇನ್" ಎಂಬುದಕ್ಕೆ ಟಿಕ್ ಬಿದ್ದಿದ್ದರೆ ಸಬ್‌ಟೈಟಲ್ ಚಿತ್ರದ ಮೇಲೆ ಶಾಶ್ವತವಾಗಿ ಅಚ್ಚಾಗುತ್ತದೆ, ಬೇಡ ಎಂದಾಗ ಆಫ್ ಮಾಡಲು ಆಗದು.

ಧ್ವನಿ: "ಪಾಸ್‌ಥ್ರೂ" ಆರಿಸಿದರೆ ಮೂಲ ಧ್ವನಿ ಮುಟ್ಟದೆ ಹಾಗೇ ಬರುತ್ತದೆ. ಡಿವಿಡಿಯ ಧ್ವನಿ ಹೆಚ್ಚು ಜಾಗ ತಿನ್ನುವುದಿಲ್ಲ, ಹಾಗೇ ಇರಲಿ.

ಅಗಲ ಎತ್ತರದ ಸಂಖ್ಯೆಗಳನ್ನು ಕೈಯಾರೆ ಬದಲಿಸಬೇಡಿ. ಪಾಲ್ ಡಿವಿಡಿಯೊಳಗೆ ಚಿತ್ರ 720ಕ್ಕೆ 576 ಚುಕ್ಕೆಯಲ್ಲಿ ಹಿಂಡಿಕೊಂಡಿರುತ್ತದೆ, ತೋರಿಸುವಾಗ ಹಿಗ್ಗುತ್ತದೆ. ಅದನ್ನು ಹ್ಯಾಂಡ್‌ಬ್ರೇಕ್ ತಾನೇ ನೋಡಿಕೊಳ್ಳುತ್ತದೆ. ನಾವು ಕೈ ಹಾಕಿದರೆ ಎಲ್ಲರೂ ಉದ್ದುದ್ದ ಮುಖದವರಾಗುತ್ತಾರೆ.

ಇಡೀ ಸಿನಿಮಾಕ್ಕೆ ಬಟನ್ ಒತ್ತುವ ಮೊದಲು ಪ್ರಿವ್ಯೂನಲ್ಲಿ ಅರ್ಧ ನಿಮಿಷದ ತುಣುಕು ಮಾಡಿ ನೋಡಿ. ಕತ್ತಲೆಯ ದೃಶ್ಯ ಇರುವ ಕಡೆ ಮಾಡಿ. ಚಿತ್ರ ಕೆಟ್ಟರೆ ಮೊದಲು ಕೆಡುವುದು ಕತ್ತಲೆಯಲ್ಲಿ.

ಹಂತ 8: ಹೆಸರು

"ಟೈಟಲ್ ಟಿ00" ಎಂಬ ಹೆಸರಲ್ಲೇ ಬಿಟ್ಟರೆ ಹತ್ತು ಡಿಸ್ಕ್ ಆಗುವಷ್ಟರಲ್ಲಿ ಯಾವುದು ಯಾವುದೋ ಗೊತ್ತಾಗುವುದಿಲ್ಲ. ಸಿನಿಮಾ ಹೆಸರು, ಪಕ್ಕದಲ್ಲಿ ಆವರಣದೊಳಗೆ ಬಿಡುಗಡೆಯ ವರ್ಷ. ಜೆಲ್ಲಿಫಿನ್, ಪ್ಲೆಕ್ಸ್, ಕೋಡಿಯಂಥ ತಂತ್ರಾಂಶಗಳು ಈ ರೀತಿ ಇಟ್ಟರೆ ಪೋಸ್ಟರ್, ನಟರ ಹೆಸರು ತಾವೇ ತಂದುಕೊಳ್ಳುತ್ತವೆ. ಮನೆಯ ವಿಡಿಯೊಗಳಿಗೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ತಾರೀಕು ಮೊದಲು ಬರಲಿ, ಆಗ ಅವು ಸಾಲಾಗಿ ನಿಲ್ಲುತ್ತವೆ. ಎರಡು ಡಿಸ್ಕ್‌ನ ಸಿನಿಮಾವನ್ನು ಒಂದೇ ಫೈಲ್ ಮಾಡಬೇಕಿದ್ದರೆ ಎಂಕೆವಿ ಟೂಲ್‌ನಿಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಮೊದಲ ಫೈಲ್ ಹಾಕಿ ಎರಡನೆಯದನ್ನು "ಅಪೆಂಡ್" ಮಾಡಿ.

ಹಂತ 9: ಇನ್ನೊಂದು ಪ್ರತಿ

ಒಂದೇ ಹಾರ್ಡ್‌ಡಿಸ್ಕ್‌ನಲ್ಲಿ ಎಲ್ಲ ಇಟ್ಟು ಡಿಸ್ಕ್‌ಗಳನ್ನು ಎಸೆದರೆ ಮೊದಲಿಗಿಂತ ಅಪಾಯ ಹೆಚ್ಚು. ಮೊದಲು ಒಂದು ಡಿಸ್ಕ್ ಕೆಟ್ಟರೆ ಒಂದು ಸಿನಿಮಾ ಹೋಗುತ್ತಿತ್ತು, ಈಗ ಎಲ್ಲ ಒಟ್ಟಿಗೆ ಹೋಗುತ್ತವೆ. ಸಿನಿಮಾಗಳಿಗೆ ಮೂಲ ಡಿಸ್ಕೇ ಎರಡನೇ ಪ್ರತಿ ಎಂದುಕೊಳ್ಳಬಹುದು. ಮನೆಯ ವಿಡಿಯೊಗಳಿಗೆ ಅದು ಸಾಲದು, ಅಲ್ಲಿ ಬಳಸಿರುವುದು ಬರೆಯುವ ಡಿಸ್ಕ್. ಅದರ ಬಣ್ಣದ ಪದರ ಬಿಸಿಲಿಗೆ, ಸೆಕೆಗೆ, ಕಾಲಕ್ಕೆ ಮಾಸುತ್ತದೆ. ಅವನ್ನು ಎರಡು ಹಾರ್ಡ್‌ಡಿಸ್ಕ್‌ನಲ್ಲಿಡಿ, ಒಂದು ಬೇರೆ ಮನೆಯಲ್ಲಿರಲಿ. ಎಸ್‌ಎಸ್‌ಡಿಯನ್ನು ಕರೆಂಟ್ ಕೊಡದೆ ವರ್ಷಗಟ್ಟಲೆ ಎತ್ತಿಡಬೇಡಿ, ಇಂಥ ಕೆಲಸಕ್ಕೆ ತಿರುಗುವ ಹಾರ್ಡ್‌ಡಿಸ್ಕೇ ಸರಿ.

ಕಾಪಿ ಸರಿಯಾಗಿ ಆಯಿತೇ ಎಂದು ತಿಳಿಯಲು ಚೆಕ್‌ಸಮ್ ನೋಡಿ. ಫೈಲ್‌ನ ಪ್ರತಿ ಅಕ್ಷರವನ್ನೂ ಲೆಕ್ಕ ಹಾಕಿ ತೆಗೆದ ಒಂದು ಉದ್ದ ಸಂಖ್ಯೆ ಅದು. ವಿಂಡೋಸ್‌ನಲ್ಲಿ ಸೆವೆನ್-ಜಿಪ್ ಹಾಕಿಕೊಂಡಿದ್ದರೆ ರೈಟ್ ಕ್ಲಿಕ್ ಮೆನುವಿನಲ್ಲೇ ಎಸ್‌ಎಚ್‌ಎ-256 ಸಿಗುತ್ತದೆ. ಎರಡೂ ಕಡೆಯ ಸಂಖ್ಯೆ ಒಂದೇ ಇದ್ದರೆ ಫೈಲೂ ಒಂದೇ.

ಇನ್ನೆರಡು ಪ್ರಶ್ನೆ

"ಟಿವಿಯಲ್ಲಿ ಎಂಕೆವಿ ಓಡುವುದಿಲ್ಲ." ಡಬ್ಬಿಯ ತೊಂದರೆ ಇರಲಿಕ್ಕಿಲ್ಲ, ಒಳಗಿರುವ ಎಂಪೆಗ್-2 ಎಂಬ ಹಳೆಯ ಬಗೆಯ ಚಿತ್ರ ಹೊಸ ಟಿವಿಗೆ ಗೊತ್ತಿಲ್ಲದಿರಬಹುದು. ಟಿವಿಯಲ್ಲೇ ವಿಎಲ್‌ಸಿ ಆ್ಯಪ್ ಹಾಕಲು ಬಂದರೆ ಹಾಕಿ ನೋಡಿ. ಆಗದಿದ್ದರೆ ಅದೊಂದನ್ನು ಮಾತ್ರ ಹಂತ 7ರಂತೆ ಎಚ್.264 ಎಂಬ ಹೊಸ ಬಗೆಗೆ ಬದಲಿಸಿಕೊಳ್ಳಿ. ಮೂಲ ಎಂಕೆವಿ ಅಳಿಸಬೇಡಿ.

"ಡ್ರೈವ್ ರೀಜನ್ ಬದಲಿಸಲಾ ಎಂದು ಕೇಳುತ್ತಿದೆ." ಬೇರೆ ದೇಶದಿಂದ ತಂದ ಡಿವಿಡಿ ಹಾಕಿದ್ದೀರಿ. ಸಿನಿಮಾ ಕಂಪನಿಗಳು ಜಗತ್ತನ್ನು ವಲಯಗಳಾಗಿ ಹಂಚಿ ಡಿಸ್ಕ್‌ಗೆ ಅದರ ಸಂಖ್ಯೆ ಹಾಕಿರುತ್ತವೆ. ಡ್ರೈವ್‌ನಲ್ಲಿ ಆ ಸಂಖ್ಯೆಯನ್ನು 5 ಸಲ ಮಾತ್ರ ಬದಲಿಸಬಹುದು. ಐದನೆಯ ಸಲ ಯಾವುದನ್ನು ಆರಿಸುತ್ತೀರೋ ಡ್ರೈವ್ ಅದಕ್ಕೇ ಅಂಟಿಕೊಳ್ಳುತ್ತದೆ. ಹಾಗಾಗಿ ಒಂದು ವಲಯದ ಡಿಸ್ಕ್‌ಗಳನ್ನೆಲ್ಲ ಒಟ್ಟಿಗೆ ಮುಗಿಸಿಕೊಂಡು ಆಮೇಲೆ ಇನ್ನೊಂದಕ್ಕೆ ಹೋಗಿ, ಒಂದೊಂದು ಡಿಸ್ಕ್‌ಗೂ ಹಿಂದೆ ಮುಂದೆ ಬದಲಿಸುತ್ತಾ ಕೂರಬೇಡಿ.